ಮಳೆ ಪುಸ್ತಕದ ಷರಾ

ನಮ್ಮ ದೊಡ್ಡಪ್ಪನಿಗೂ ನನಗೂ ಮಾತು ಬಿಟ್ಟಿದ್ದು ಎರಡೇ ಸಲ. ಒಂದು, ಅವರು ನೋಡಿದ್ದ ಸಂಬಂಧ ಬೇಡ ಅಂತ ನಾನು ಹಟ ಹಿಡಿದಾಗ. ಇನ್ನೊಂದು, ಗ್ಲೋಬಲ್ ವಾರ್ಮಿಂಗ್ ವಿಷಯಕ್ಕೆ. ಮೊದಲನೆಯದು ಮೂರು ತಿಂಗಳಲ್ಲಿ ಸರಿಹೋಯಿತು. ಆ ಹುಡುಗನಿಗೆ ಬೇರೆ ಕಡೆ ಹೆಣ್ಣು ಗೊತ್ತಾಯಿತು, ದೊಡ್ಡಪ್ಪನೇ ಮದುವೆಗೆ ಹೋಗಿ ಉಂಡು ಬಂದು ಒಬ್ಬಟ್ಟು ಚೆನ್ನಾಗಿತ್ತು ಅಂದರು. ಎರಡನೆಯದು ಮಾತ್ರ ಒದ್ದೆ ಸೌದೆಯ ಹಾಗೆ ಹೊಗೆಯಾಡುತ್ತಲೇ ಇದೆ. ಈಗ ಮಾತಾಡುತ್ತೇವೆ, ಇಲ್ಲವೆಂದಲ್ಲ. ಊರಿಗೆ ಹೋದಾಗಲೆಲ್ಲ ಊಟ ಮುಗಿಸಿ ಎಲೆಅಡಿಕೆ ತಟ್ಟೆ ಮುಂದಕ್ಕೆ ಎಳೆದುಕೊಂಡು ಅವರೇ ಕೆಣಕುತ್ತಾರೆ: "ಏನವ್ವ, ಭೂಮಿ ಇನ್ನೂ ಕಾಯ್ತಾ ಇದೆಯಂತೋ, ಆರ್ತಂತೋ?" ನಾನು ನಕ್ಕು ಸುಮ್ಮನಾಗುತ್ತೇನೆ. ಆ ನಗುವಿನ ಅಡಿಯಲ್ಲಿ ಇನ್ನೂ ಏನೋ ಮುಳ್ಳು ಉಳಿದುಕೊಂಡಿದೆ ಅಂತ ಇಬ್ಬರಿಗೂ ಗೊತ್ತು.

ನನ್ನನ್ನು ಕಾಡುವುದು ಸೋತದ್ದಲ್ಲ. ಈ ಜಗಳದಲ್ಲಿ ನಾನು ಸೋಲುವುದಕ್ಕೆ ಕಾರಣವೇ ಇರಲಿಲ್ಲ, ಅದು. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ 1958ರಲ್ಲಿ ಕೀಲಿಂಗ್ ಅನ್ನುವವರು ಗಾಳಿಯನ್ನು ಅಳೆಯೋಕೆ ಶುರು ಮಾಡಿದಾಗ ಹತ್ತು ಲಕ್ಷ ಪಾಲಿನಲ್ಲಿ 315ರ ಆಸುಪಾಸು ಇದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ. ಆ ಅನಿಲ ಹೆಚ್ಚಿದರೆ ಭೂಮಿ ಎಷ್ಟು ಕಾಯುತ್ತದೆ ಅಂತ ಸ್ವೀಡನ್ನಿನ ವಿಜ್ಞಾನಿ ಅರ್ರೇನಿಯಸ್ 1896ರಲ್ಲೇ ಪೆನ್ಸಿಲು ಹಿಡಿದು ಲೆಕ್ಕ ಹಾಕಿಟ್ಟಿದ್ದ. (ಚಳಿ ದೇಶದವನು ಪಾಪ, ಬಿಸಿಯಾದರೆ ಒಳ್ಳೆಯದೇ ಆಯಿತು ಅಂದುಕೊಂಡಿದ್ದ.) ಲೆಕ್ಕ ನನ್ನ ಕಡೆ, ವಿಜ್ಞಾನಿಗಳು ನನ್ನ ಕಡೆ, ಗೂಗಲ್ ನನ್ನ ಕಡೆ. ಆದರೂ ಎಂಟು ಎಕರೆ ಕಾಫಿ ತೋಟದ ಜಗಲಿಯ ಮೇಲೆ ಎಸ್ಸೆಸ್ಸೆಲ್ಸಿ ಓದಿದ ಒಬ್ಬ ಮುದುಕರ ಮುಂದೆ ನನ್ನ ಮಾತು ಒಂದೂ ನಿಲ್ಲಲಿಲ್ಲ. ಯಾಕೆ ಅಂತ ಯೋಚಿಸುತ್ತಾ ಹೋದದ್ದೇ ಈ ಬರಹ.

ಕಣದಲ್ಲಿ

2021ರ ಜನವರಿ ಮೊದಲ ವಾರ. ಕೊರೊನಾ ದೆಸೆಯಿಂದ ಆಫೀಸೇ ಮನೆಗೆ ಬಂದಿತ್ತು, ನಾನು ಸಕಲೇಶಪುರದ ಹತ್ತಿರದ ನಮ್ಮ ಊರಲ್ಲೇ ಇದ್ದೆ. ನೆಟ್‌ವರ್ಕ್ ಸಿಗುವ ಜಾಗ ಅಂದರೆ ಕಾಫಿ ಕಣದ ಪಕ್ಕದ ನೀರಿನ ಟ್ಯಾಂಕ್ ಕಟ್ಟೆ. ಅಲ್ಲಿ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಮೀಟಿಂಗಿನಲ್ಲಿದ್ದೆ. ಕಣದ ತುಂಬ ಅರೇಬಿಕಾ ಚೆರಿ ಹರವಿತ್ತು, ಒಂದು ಮೂಲೆಯಲ್ಲಿ ಪಾರ್ಚ್‌ಮೆಂಟು, ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ಬೀಜ. ಇನ್ನು ಎರಡು ಬಿಸಿಲು ಸಿಕ್ಕಿದ್ದರೆ ಚೀಲಕ್ಕೆ ಹೋಗುತ್ತಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಪಡುವಣದ ಮೋಡ ನೋಡಿ ದೊಡ್ಡಮ್ಮ ಒಳಗಿನಿಂದಲೇ ಕೂಗು ಹಾಕಿದರು. ಆಮೇಲಿನ ಹತ್ತು ನಿಮಿಷ ಹೇಗಿತ್ತೆಂದರೆ, ತೋಟದ ಆಳುಗಳ ಲೈನ್ ಮನೆಯಿಂದ ಹೆಂಗಸರು ಮಕ್ಕಳು ಓಡಿ ಬಂದರು, ಅಡುಗೆಮನೆಯಲ್ಲಿದ್ದ ಅತ್ತಿಗೆ ಕೈಗೆ ಹತ್ತಿದ್ದ ಹಿಟ್ಟಿನಲ್ಲೇ ಬಂದರು, ನಾನು ಮೀಟಿಂಗಿನಲ್ಲಿ ಮ್ಯೂಟ್ ಒತ್ತೋದು ಮರೆತು ಟಾರ್ಪಾಲಿನ ಒಂದು ತುದಿ ಹಿಡಿದು ಓಡಿದೆ. ಎಪ್ಪತ್ತು ದಾಟಿದ ದೊಡ್ಡಪ್ಪ ಪಂಚೆ ಮೇಲಕ್ಕೆ ಕಟ್ಟಿ ಹಲಗೆಯಿಂದ ಕಾಫಿಯನ್ನು ಗುಡ್ಡೆಗೆ ತಳ್ಳುತ್ತಾ, ಯಾರನ್ನೋ ಬೈಯುತ್ತಾ ಇದ್ದರು. ನಮ್ಮನ್ನೋ ಮಳೆಯನ್ನೋ ತಿಳಿಯಲಿಲ್ಲ. ಅರ್ಧ ಕಾಫಿ ಮುಚ್ಚಿದೆವು. ಉಳಿದರ್ಧ ನಮ್ಮ ಕಣ್ಣೆದುರೇ ನೆಂದು, ಇಳಿಜಾರಿನಲ್ಲಿ ಹರಿದು, ಚರಂಡಿಯ ಬಾಯಲ್ಲಿ ಕೆಂಪಗೆ ಗುಡ್ಡೆಯಾಯಿತು. ಲೈನ್ ಮನೆಯ ಒಬ್ಬ ಹುಡುಗ ಅದನ್ನು ಬೊಗಸೆಯಲ್ಲಿ ಬಾಚಿ ಬಾಚಿ ಬುಟ್ಟಿಗೆ ಹಾಕುತ್ತಿದ್ದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಯಾರೂ ಅವನಿಗೆ ಹೇಳಿರಲಿಲ್ಲ.

ಕಾಫಿಯವರಿಗೆ ಜನವರಿ ಮಳೆ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಕಣದಲ್ಲಿರುವುದಕ್ಕೆ ಬೂಸ್ಟು, ಗಿಡದಲ್ಲಿರುವ ಹಣ್ಣು ಒಡೆದು ನೆಲಕ್ಕೆ. ಎಲ್ಲಕ್ಕಿಂತ ಕೆಟ್ಟದ್ದು, ಕೊಯ್ಲು ಮುಗಿಯುವ ಮೊದಲೇ ಹೂಮೊಗ್ಗು ಎಚ್ಚರಾಗುವುದು. ಫೆಬ್ರವರಿ ಮಾರ್ಚಲ್ಲಿ ಹೂಮಳೆಗೆ ಕಾದು ಒಂದೇ ಸಲ ಅರಳಬೇಕಾದ್ದು ಆಗೊಂದು ಈಗೊಂದು ಅರಳುತ್ತದೆ. ರೊಬಸ್ಟಾದಲ್ಲಂತೂ ಒಂದೇ ರೆಂಬೆಯಲ್ಲಿ ಹಣ್ಣು, ಹೂವು ಎರಡೂ. ಹಣ್ಣು ಕಿತ್ತರೆ ಬರುವ ವರ್ಷದ ಫಸಲು ಕೈಗೆ ಉದುರುತ್ತದೆ, ಬಿಟ್ಟರೆ ಈ ವರ್ಷದ್ದು ಕೊಳೆಯುತ್ತದೆ.

ಆವತ್ತು ಸಂಜೆ ಜಗಲಿಯಲ್ಲಿ ಕರೆಂಟಿಲ್ಲದೆ ಕೂತಿದ್ದೆವು. ನಾನು ಬಾಯಿ ಬಿಡಬಾರದಿತ್ತು. "ನೋಡಿ ದೊಡ್ಡಪ್ಪ, ಇದನ್ನೇ ನಾನು ಹೇಳಿದ್ದು" ಅಂದೆ. ಹಾಗೆ ಅನ್ನುವಾಗ ನನ್ನ ದನಿಯಲ್ಲಿ ಸ್ವಲ್ಪ ಖುಷಿಯೂ ಇತ್ತೋ ಏನೋ. ಸರಿಯೆಂದು ಸಾಬೀತಾದವರಿಗೆ ಆಗುವ ಖುಷಿ. ಅವರು ಹೆಗಲ ಮೇಲಿನ ಟವೆಲ್ಲಿಂದ ತಲೆ ಒರೆಸಿಕೊಳ್ಳುತ್ತಿದ್ದವರು ನಿಲ್ಲಿಸಿದರು. "ಇಪ್ಪತ್ನಾಲ್ಕನೇ ಇಸವಿಲಿ ಕಾವೇರಿ ಊರೂರೇ ಕೊಚ್ಕೊಂಡು ಹೋಯ್ತು. ನಮ್ಮಜ್ಜ ಹೇಳೋರು, ಹೇಮಾವತಿ ದಡದಲ್ಲಿ ನಿಲ್ಲಕ್ಕೆ ಆಗ್ತಿರಲಿಲ್ವಂತೆ. ಆಗ ಯಾರ್ ಹತ್ರ ಕಾರಿತ್ತು? ಯಾವ ಫ್ಯಾಕ್ಟ್ರಿ ಇತ್ತು?" ಅಂದರು. ನಾನು ತಕ್ಷಣ, "ಸಿಗರೇಟು ಬರೋಕೆ ಮುಂಚೇನೂ ಜನ ಕೆಮ್ಮಿ ಸಾಯ್ತಿದ್ರು ದೊಡ್ಡಪ್ಪ. ಹಾಗಂತ ಸಿಗರೇಟಿನ ತಪ್ಪಿಲ್ಲ ಅಂತೀರಾ?" ಅಂದುಬಿಟ್ಟೆ. ವಾದಕ್ಕೆ ಒಳ್ಳೆಯ ಉತ್ತರವೇ. ಆದರೆ ನಮ್ಮಪ್ಪ ಹೋದದ್ದು ಸಿಗರೇಟಿನಿಂದ. ಕೊನೆಯ ಆರು ತಿಂಗಳು ತಮ್ಮನನ್ನು ಮಂಗಳೂರಿನ ಆಸ್ಪತ್ರೆಗೆ ಜೀಪಿನಲ್ಲಿ ಕರೆದುಕೊಂಡು ಹೋಗಿ ಬಂದವರು ಈ ದೊಡ್ಡಪ್ಪ. ಅವರು ಎದ್ದು, "ಅವನನ್ನ ಯಾಕೆ ಎಳೆದ್ ತಂದೆ ಇಲ್ಲಿಗೆ" ಅಂತ ಮೆಲ್ಲಗೆ ಹೇಳಿ ಒಳಗೆ ಹೋದರು. ಮಾತು ನಿಂತದ್ದು ಆಗ.

ತಪ್ಪು ಒಪ್ಪಿಕೊಂಡವರ ಕಥೆ

ಮತ್ತೆ ಮಾತು ಶುರುವಾದದ್ದು ಯುಗಾದಿ ಹೊತ್ತಿಗೆ, ಹಿಮಾಲಯದಿಂದ. ದೊಡ್ಡಪ್ಪನಿಗೆ ಯಾರೋ ವಾಟ್ಸಾಪಿನಲ್ಲಿ ಹಳೆಯ ಸುದ್ದಿಯೊಂದನ್ನು ಕಳಿಸಿದ್ದರು. ವಿಶ್ವಸಂಸ್ಥೆಯ ಹವಾಮಾನ ಸಮಿತಿ, ಅಂದರೆ ಐಪಿಸಿಸಿ, 2007ರ ವರದಿಯಲ್ಲಿ ಹಿಮಾಲಯದ ನೀರ್ಗಲ್ಲುಗಳು, ಅಂದರೆ ಹಿಮನದಿಗಳು, 2035ರ ಹೊತ್ತಿಗೆ ಕಣ್ಮರೆಯಾಗುವ ಸಾಧ್ಯತೆ ಬಹಳ ಹೆಚ್ಚು ಅಂತ ಬರೆದಿತ್ತು. ಅದು ತಪ್ಪು ಅಂತ ಆಮೇಲೆ ತಾನೇ ಒಪ್ಪಿಕೊಂಡಿತ್ತು. "ನೋಬೆಲ್ ಕೊಟ್ರಲ್ಲ ಅವ್ರಿಗೆ? ಅವ್ರೇ ಕಾಗೆ ಹಾರಿಸಿದ್ರಂತೆ" ಅಂದರು. ಅವರ ಮುಖದಲ್ಲಿ ಜನವರಿಯ ನನ್ನ ಖುಷಿ ಕಂಡಿತು.

ಇದನ್ನು ನಾನು ಅಲ್ಲಗಳೆಯುವ ಹಾಗಿರಲಿಲ್ಲ, ಯಾಕೆಂದರೆ ಅದು ನಿಜ. 2009ರ ನವೆಂಬರಿನಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದು ನಿವೃತ್ತರಾದ ವಿ. ಕೆ. ರೈನಾ ಅವರ ವರದಿಯೊಂದನ್ನು ಆಗಿನ ಪರಿಸರ ಮಂತ್ರಿ ಜೈರಾಮ್ ರಮೇಶ್ ಬಿಡುಗಡೆ ಮಾಡಿದರು. ನೀರ್ಗಲ್ಲುಗಳು ಹಿಂದೆ ಸರಿಯುತ್ತಿವೆ, ಆದರೆ ಅಷ್ಟು ಅವಸರದಲ್ಲಲ್ಲ ಅನ್ನುವುದು ಅದರ ಸಾರ. ಐಪಿಸಿಸಿಯ ಅಧ್ಯಕ್ಷರಾಗಿದ್ದ ಪಚೌರಿ ಅದನ್ನು ಮಾಟಮಂತ್ರದ ವಿಜ್ಞಾನ ಅನ್ನುವ ಅರ್ಥದಲ್ಲಿ ಹೀಯಾಳಿಸಿದರು. ಮೂರು ತಿಂಗಳು ಕಳೆಯುವುದರೊಳಗೆ, 2010ರ ಜನವರಿಯಲ್ಲಿ, ಐಪಿಸಿಸಿಯೇ ವಿಷಾದ ವ್ಯಕ್ತಪಡಿಸಬೇಕಾಯಿತು. ಆ 2035 ಯಾವ ಸಂಶೋಧನೆಯಿಂದಲೂ ಬಂದಿರಲಿಲ್ಲ. ಪತ್ರಿಕೆಯೊಂದರ ಸುದ್ದಿಯಿಂದ ಒಂದು ಸಂಸ್ಥೆಯ ವರದಿಗೆ, ಅಲ್ಲಿಂದ ಐಪಿಸಿಸಿಗೆ, ಹೀಗೆ ಕೈಯಿಂದ ಕೈಗೆ ದಾಟಿ ಬಂದಿತ್ತು. ನಮ್ಮೂರಿನ ಸುದ್ದಿಗಳು ಕಾಫಿ ಕ್ಯೂರಿಂಗ್ ವರ್ಕ್ಸಿನಿಂದ ಸಂತೆಗೆ, ಸಂತೆಯಿಂದ ಮನೆಗೆ ಬರುವ ಹಾಗೆ.

ಆಗ ನನಗೆ ಸಿಟ್ಟು ಬಂದದ್ದು ದೊಡ್ಡಪ್ಪನ ಮೇಲಲ್ಲ, ಪಚೌರಿಯವರ ಮೇಲೆ. ಒಂದು ತಪ್ಪಂಕಿ ನುಸುಳಿದ್ದು ದೊಡ್ಡ ವಿಷಯವಲ್ಲ, ಸಾವಿರಾರು ಪುಟದ ವರದಿ. ಕೇಳಿದವರನ್ನು ಹೀಯಾಳಿಸಿದ್ದು ದೊಡ್ಡ ವಿಷಯ. ಆ ಒಂದು ಮಾತಿಗೆ ನಾನು ಹನ್ನೆರಡು ವರ್ಷದ ಮೇಲೆ ಸಕಲೇಶಪುರದ ಜಗಲಿಯಲ್ಲಿ ದಂಡ ಕಟ್ಟುತ್ತಿದ್ದೆ. ಕಠ್ಮಂಡುವಿನ ಸಂಸ್ಥೆಯೊಂದು 2019ರಲ್ಲಿ ನಿಧಾನವಾಗಿ ಲೆಕ್ಕ ಹಾಕಿ, ಜಗತ್ತಿನ ಕಾವನ್ನು ಒಂದೂವರೆ ಡಿಗ್ರಿಯಲ್ಲೇ ತಡೆದರೂ ಹಿಂದೂಕುಶ್ ಹಿಮಾಲಯದ ನೀರ್ಗಲ್ಲಿನ ಮೂರನೇ ಒಂದು ಪಾಲು ಈ ಶತಮಾನದ ಕೊನೆಯೊಳಗೆ ಹೋಗುತ್ತದೆ ಅಂತ ಹೇಳಿದೆ. ಇದು ಭಯ ಹುಟ್ಟಿಸಬೇಕಾದ ಮಾತು. ಆದರೆ "2035ಕ್ಕೆ ಎಲ್ಲಾ ಖಾಲಿ" ಅಂತ ಒಮ್ಮೆ ಕೇಳಿ, ಅದು ಸುಳ್ಳೆಂದು ತಿಳಿದ ಕಿವಿಗೆ "ಮೂರನೇ ಒಂದು ಪಾಲು" ಅಂದರೆ ರಿಯಾಯಿತಿ ಸಿಕ್ಕಿದ ಹಾಗೆ ಕೇಳಿಸುತ್ತದೆ. ದೊಡ್ಡಪ್ಪನೂ ಹಾಗೇ ಅಂದರು: "ಅಂದ್ರೆ ಮುಕ್ಕಾಲು ಉಳೀತಲ್ಲ." ಮುಕ್ಕಾಲಲ್ಲ ಮೂರನೇ ಎರಡು ಅಂತ ತಿದ್ದಿದೆ. "ಅದೇ" ಅಂದರು.

ಅನುಮಾನದಲ್ಲೂ ಜಾತಿ ಇದೆ ಅನ್ನೋದು ನನಗೆ ಹೊಳೆದದ್ದು ಇದರ ಬೆನ್ನು ಹತ್ತಿದ ಮೇಲೆ. ತೊಂಬತ್ತರ ದಶಕದ ಶುರುವಿನಲ್ಲಿ ಅಮೆರಿಕದ ಪರಿಸರ ಇಲಾಖೆಯ ಅಂದಾಜು ಭಾರತದ ಭತ್ತದ ಗದ್ದೆಗಳಿಂದ ವರ್ಷಕ್ಕೆ ಮೂರೂವರೆ ಕೋಟಿ ಟನ್ನಿಗೂ ಹೆಚ್ಚು ಮೀಥೇನ್ ಹೊರಡುತ್ತದೆ ಅಂತ ಹೇಳುತ್ತಿತ್ತು. ಅಂದರೆ ಭೂಮಿ ಬಿಸಿಯಾಗುವುದಕ್ಕೆ ನಮ್ಮ ಗದ್ದೆಯ ಕೆಸರೂ ಒಂದು ದೊಡ್ಡ ಕಾರಣ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ. ಪಿ. ಮಿತ್ರ ಅದನ್ನು ನಂಬಲಿಲ್ಲ. ನಂಬದೆ ಸುಮ್ಮನೆ ಕೂರಲೂ ಇಲ್ಲ. 1991ರಲ್ಲಿ ದೇಶದ ಬೇರೆ ಬೇರೆ ಗದ್ದೆಗಳಲ್ಲಿ ಪೈರಿನ ಮೇಲೆ ಪೆಟ್ಟಿಗೆ ಮುಚ್ಚಿ, ಗಾಳಿ ಹಿಡಿದು ಅಳೆಸಿದರು. ಬಂದದ್ದು ಸುಮಾರು 40 ಲಕ್ಷ ಟನ್, ಆ ಅಂದಾಜಿನ ಹತ್ತನೇ ಒಂದು ಪಾಲಿನ ಹತ್ತಿರ. ಜಗತ್ತು ತನ್ನ ಲೆಕ್ಕ ತಿದ್ದಿಕೊಳ್ಳಬೇಕಾಯಿತು. ಇನ್ನೊಂದು ಕಡೆ, 1969ರಲ್ಲಿ ಅಮೆರಿಕದ ಒಂದು ಸಿಗರೇಟು ಕಂಪನಿಯ ಒಳಗಿನ ಕಾಗದದಲ್ಲಿ "ಅನುಮಾನವೇ ನಮ್ಮ ಸರಕು" ಅಂತ ಬರೆದಿಟ್ಟಿದ್ದರು. ಸಿಗರೇಟಿಗೆ ಆ ಸರಕು ಮಾರಿದವರಲ್ಲಿ ಕೆಲವರು ಆಮೇಲೆ ಕಲ್ಲಿದ್ದಲು, ಎಣ್ಣೆಯ ಪರವಾಗಿಯೂ ಅದನ್ನೇ ಮಾರಿದರು. ಎಕ್ಸಾನ್ ಕಂಪನಿಯ ಸ್ವಂತ ವಿಜ್ಞಾನಿಗಳು 1977ರಿಂದಲೂ ಕಾವಿನ ಏರಿಕೆಯನ್ನು ಬಹುಮಟ್ಟಿಗೆ ಸರಿಯಾಗಿಯೇ ಅಂದಾಜಿಸಿದ್ದರು ಅಂತ 2023ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಪ್ರಬಂಧ ತೋರಿಸಿತು. ಕಂಪನಿ ಹೊರಗೆ ಆಡುತ್ತಿದ್ದ ಮಾತೇ ಬೇರೆ. ನಮ್ಮಪ್ಪನೂ ಅಷ್ಟೇ, ಪ್ಯಾಕೆಟ್ಟಿನ ಮೇಲಿನ ಎಚ್ಚರಿಕೆಯ ಸಾಲಿನ ಮೇಲೆ ಬೆರಳಿಟ್ಟು "ಸೇದದೇ ಇರೋರೂ ಸಾಯ್ತಾರೆ" ಅನ್ನುತ್ತಿದ್ದರು. ಆ ವಾಕ್ಯ ಅವರದ್ದು ಅಂದುಕೊಂಡಿದ್ದೆ ಇಷ್ಟು ದಿನ. ಎಲ್ಲೋ ಆಫೀಸಿನಲ್ಲಿ ಸಂಬಳಕ್ಕೆ ಕೂತು ಯಾರೋ ತಯಾರಿಸಿದ್ದು ಸಮುದ್ರ ದಾಟಿ, ಘಾಟಿ ಹತ್ತಿ ಅವರ ಬಾಯಿಗೆ ಬಂದಿತ್ತು.

ದೊಡ್ಡಪ್ಪನ ಅನುಮಾನ ಇವೆರಡರಲ್ಲಿ ಯಾವುದು? ಸತ್ಯ ಹೇಳಬೇಕೆಂದರೆ, ಬೆಳಿಗ್ಗೆ ಒಂದು, ಸಂಜೆ ಇನ್ನೊಂದು.

ಪ್ಲೇನಿನ ಲೆಕ್ಕ

ಅವರ ಬತ್ತಳಿಕೆಯ ನಿಜವಾದ ಬಾಣ ಬೇರೆಯೇ ಇತ್ತು. ಭೂಮಿ ಕಾಯುತ್ತಿದೆಯೋ ಇಲ್ಲವೋ ಅನ್ನೋದರ ಮೇಲೆ ಅವರಿಗೆ ಅಂಥ ಆಸಕ್ತಿಯೇ ಇಲ್ಲ ಅಂತ ನನಗೆ ಗೊತ್ತಾಗಲು ತುಂಬ ಕಾಲ ಹಿಡಿಯಿತು. "ಸರಿ, ಕಾಯ್ತಾ ಇದೆ ಅಂತಲೇ ಇಟ್ಕೋ" ಅಂದರು ಒಂದು ದಿನ. "ಕಾಯಿಸಿದೋರು ಯಾರು? ನೂರೈವತ್ತು ವರ್ಷ ಅವ್ರು ಉಂಡ್ರು. ಈಗ ಎಲೆ ಎತ್ತೋಕೆ ನನ್ನ ಕರೀತಾರೆ." ಇದೇ ಮಾತನ್ನು ಇನ್ನೂ ನಯವಾದ ಭಾಷೆಯಲ್ಲಿ ದೆಹಲಿಯ ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲೇ ಪುಸ್ತಿಕೆ ಮಾಡಿ ಹಂಚಿದ್ದರು: ಬದುಕುವುದಕ್ಕಾಗಿ ಏಳುವ ಹೊಗೆಯನ್ನೂ ಭೋಗಕ್ಕಾಗಿ ಬಿಡುವ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಅಂತ. ಅಮೆರಿಕದವನೊಬ್ಬ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಬಿಟ್ಟರೆ ಭಾರತದವನ ಪಾಲು 2 ಟನ್ನಿನ ಆಸುಪಾಸು. ಅಲ್ಲಿಯ ಸೆನೆಟರ್ ಇನ್‌ಹಾಫ್ 2015ರ ಫೆಬ್ರವರಿಯಲ್ಲಿ ಸಭೆಗೆ ಹಿಮದ ಉಂಡೆ ತಂದು, ಹೊರಗೆ ಇಷ್ಟು ಚಳಿ ಇದೆ ನೋಡಿ ಅಂತ ಎಸೆದು ತೋರಿಸಿದ. ಆ ವಿಡಿಯೋ ನೋಡಿ ದೊಡ್ಡಪ್ಪ ಹೊಟ್ಟೆ ಹಿಡಿದು ನಕ್ಕಿದ್ದರು. "ಈ ತರ್ಲೆಗಳು ನಮಗೆ ಬುದ್ಧಿ ಹೇಳೋದಾ" ಅಂದರು.

ಆಮೇಲೆ ನನ್ನ ಕಡೆ ತಿರುಗಿದರು. "ಹೋದ ವರ್ಷ ನೀನು ಅಮೆರಿಕಕ್ಕೆ ಹೋಗಿ ಬಂದೆಯಲ್ಲ, ತಮ್ಮನ ಮನೆಗೆ. ಪ್ಲೇನು ನೀರಲ್ಲಿ ಓಡ್ತದಾ?"

ಲೆಕ್ಕ ಹಾಕಿ ನೋಡಿದೆ. ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೋಗೆ ಹೋಗಿ ಬಂದ ಒಂದು ಸೀಟಿನ ಪಾಲು ಒಬ್ಬ ಭಾರತೀಯನ ಇಡೀ ವರ್ಷದ ಸರಾಸರಿಗೆ ಕಡಿಮೆಯಿಲ್ಲ. ಅಂದರೆ ಹದಿನೈದು ದಿನದ ಪ್ರವಾಸದಲ್ಲಿ ನಾನು ಇನ್ನೊಬ್ಬರ ವರ್ಷ ತಿಂದು ಬಂದಿದ್ದೆ. ಯಾರ ವರ್ಷ ಅಂತ ಹುಡುಕಲು ದೂರ ಹೋಗಬೇಕಿರಲಿಲ್ಲ. ನಮ್ಮ ಲೈನ್ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಇರುವ ಒಬ್ಬ ಹೆಂಗಸಿದ್ದಾರೆ. ಅವರ ಮನೆಯಲ್ಲಿ ಎರಡು ಬಲ್ಬು, ಒಂದು ಟಿವಿ, ಒಂದು ಮೊಬೈಲು. ಸಿಲಿಂಡರ್ ಇದೆ, ಆದರೆ ನೀರು ಕಾಯುವುದು ಸಿಲ್ವರ್ ಮರದ ಪುಳ್ಳೆಯಲ್ಲಿ. ಹಾಸನಕ್ಕೆ ಹೋಗುವುದು ವರ್ಷಕ್ಕೆರಡು ಸಲ, ಬಸ್ಸಿನಲ್ಲಿ. ಭಾರತದ ಸರಾಸರಿ 2 ಟನ್ನಿಗೆ ಇಳಿದಿರುವುದು ಇವರಂಥ ಕೋಟಿಗಟ್ಟಲೆ ಜನರಿಂದ. ಅಮೆರಿಕದವರ ಮುಂದೆ ನಾನೂ ದೊಡ್ಡಪ್ಪನೂ ಎತ್ತಿ ಹಿಡಿಯುವ ಆ ಚಿಕ್ಕ ಅಂಕಿ ಅವರದ್ದು. ನಾವು ಅದನ್ನು ಸಾಲ ತಂದು ಮೆರೆಯುತ್ತಿದ್ದೇವೆ, ಹಬ್ಬಕ್ಕೆ ಪಕ್ಕದ ಮನೆಯ ಸರ ಹಾಕಿಕೊಂಡು ಹೋದ ಹಾಗೆ.

ಇದನ್ನು ದೊಡ್ಡಪ್ಪನಿಗೆ ಹೇಳಿದೆ. ಅವರು ತುಂಬ ಹೊತ್ತು ಅಡಿಕೆ ಕತ್ತರಿಸುತ್ತಾ ಕೂತಿದ್ದು, "ಅವಳ ಕೂಲಿ ಜಾಸ್ತಿ ಮಾಡು ಅಂತ ಸುತ್ತಿ ಬಳಸಿ ಹೇಳ್ತಿದೀಯ" ಅಂದರು. ನಾನು ಹಾಗೆ ಹೇಳಿರಲಿಲ್ಲ. ಆದರೆ ಅವರಿಗೆ ಹಾಗೆ ಕೇಳಿಸಿತು ಅನ್ನೋದರಲ್ಲಿ ವಿಷಯವಿದೆ. ಹವಾಮಾನದ ಮಾತು ಯಾರ ಜಗಲಿಗೆ ಬಂದರೂ ಕೊನೆಗೆ ಬಿಲ್ಲಿನ ಹಾಗೇ ಕಾಣಿಸುತ್ತದೆ. ಬಿಲ್ಲು ಕಂಡ ತಕ್ಷಣ ಎಲ್ಲರೂ ಮೊದಲು ಮಾಡುವುದು, ಊಟವೇ ಮಾಡಿಲ್ಲ ಅನ್ನುವುದು.

ಗುಡ್ಡ ಜಾರಿದ ಮೇಲೆ

ನಮ್ಮ ಕಡೆ ಆ ಬಿಲ್ಲಿಗೆ ಹೆಸರೂ ಇತ್ತು: ಕಸ್ತೂರಿರಂಗನ್ ವರದಿ. ಪಶ್ಚಿಮಘಟ್ಟವನ್ನು ಉಳಿಸುವ ಬಗ್ಗೆ ಗಾಡ್ಗೀಳ್ ಸಮಿತಿ ಕೊಟ್ಟ 2011ರ ವರದಿ ತೀರಾ ಬಿಗಿಯಾಯಿತು ಅಂತ ಅದನ್ನು ಸಡಿಲಿಸಲು ಬಂದ 2013ರ ವರದಿ ಇದು. ಕರ್ನಾಟಕದಲ್ಲಿ 20,668 ಚದರ ಕಿಲೋಮೀಟರ್ ಸೂಕ್ಷ್ಮ ಪ್ರದೇಶ ಅಂತ ಗುರುತಿಸಿತು. ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಆ ಹೆಸರು ಮಕ್ಕಳನ್ನು ಹೆದರಿಸುವ ಗುಮ್ಮನ ಹಾಗಾಗಿತ್ತು. ತೋಟಕ್ಕೆ ಮದ್ದು ಹೊಡೆಯೋ ಹಾಗಿಲ್ಲವಂತೆ, ಮನೆಗೆ ಹಂಚು ಬದಲಿಸೋ ಹಾಗಿಲ್ಲವಂತೆ. ವರದಿಯನ್ನು ಯಾರೂ ಓದಿರಲಿಲ್ಲ, ಕನ್ನಡದಲ್ಲಿ ಓದಿಸುವ ಶ್ರಮವನ್ನೂ ಯಾರೂ ಸರಿಯಾಗಿ ತೆಗೆದುಕೊಳ್ಳಲಿಲ್ಲ. ಎಲ್ಲ ಪಕ್ಷದವರೂ ಬೇಡ ಅಂದರು. 2024ರಲ್ಲಿ ರಾಜ್ಯ ಸಂಪುಟ ಮತ್ತೊಮ್ಮೆ ತಿರಸ್ಕರಿಸಿತು.

ಈ ನಡುವೆ ಗುಡ್ಡಗಳು ಜಾರತೊಡಗಿದವು. 2018ರ ಆಗಸ್ಟಿನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು. ಮರುವರ್ಷ ಅದೇ ತಿಂಗಳಲ್ಲಿ ಮೂಡಿಗೆರೆ ಕಡೆ. 2024ರ ಜುಲೈಯಲ್ಲಿ ಮೊದಲು ಶಿರೂರು, ಎರಡು ವಾರಕ್ಕೆ ವಯನಾಡು. ಆಗ ನಾನು ನಿರೀಕ್ಷಿಸದ ಒಂದು ತಿರುವು ಬಂತು. ಭೂಮಿ ಬಿಸಿಯಾಗುವುದೆಲ್ಲ ಪರಿಸರದವರ ಪುಕಾರು ಅನ್ನುತ್ತಿದ್ದವರೇ ಟಿವಿ ಮುಂದೆ ನಿಂತು, ಹವಾಮಾನ ವೈಪರೀತ್ಯ ಸ್ವಾಮಿ, ನಾವೇನು ಮಾಡೋಕಾಗುತ್ತೆ ಅನ್ನತೊಡಗಿದರು. ಗುಡ್ಡದ ಬುಡವನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದು ರಸ್ತೆ ಮಾಡಿದ್ದು, ಇಳಿಜಾರನ್ನು ಮಟ್ಟ ಮಾಡಿ ಹೋಮ್‌ಸ್ಟೇ ಎಬ್ಬಿಸಿದ್ದು, ತೋಡಿನ ದಾರಿ ಮುಚ್ಚಿದ್ದು ಯಾವುದೂ ಕಾರಣವಲ್ಲ. ಎಲ್ಲ ಆಕಾಶದ್ದು. ಇಲ್ಲ ಅನ್ನುತ್ತಿದ್ದಾಗ ಯಾರೂ ಏನೂ ಮಾಡಬೇಕಿರಲಿಲ್ಲ, ಈಗ ಇದೆ ಅನ್ನುವಾಗಲೂ ಮಾಡಬೇಕಿಲ್ಲ.

ವಯನಾಡಿನ ಆ ದಿನದ ಮಳೆಯನ್ನು ಕೂಡಲೇ ಅಧ್ಯಯನ ಮಾಡಿದ ವಿಜ್ಞಾನಿಗಳ ತಂಡ, ಭೂಮಿಯ ಕಾವು ಏರಿದ್ದರಿಂದ ಮಳೆಯ ಜೋರು ಸುಮಾರು ಶೇ. 10ರಷ್ಟು ಹೆಚ್ಚಿತ್ತು ಅಂತ ಅಂದಾಜಿಸಿತು. ನೂರೇ ಪರ್ಸೆಂಟ್ ಅನ್ನುವವರಿಗೂ ಸೊನ್ನೆ ಅನ್ನುವವರಿಗೂ ಈ ಅಂಕಿಯಿಂದ ಉಪಯೋಗವಿಲ್ಲ, ಅದಕ್ಕೇ ಇರಬೇಕು ಅದು ಯಾರ ಭಾಷಣದಲ್ಲೂ ಬರಲಿಲ್ಲ. ನಮ್ಮ ತೋಟದ ಮೇಲಿನ ದರೆ ಜಾರಿದ್ದು ನಾನು ನೋಡಿದ್ದೇನೆ. ಮೂರು ದಿನ ಮಳೆ ಕುಡಿದು ಸುಮ್ಮನೆ ನಿಂತಿತ್ತು. ನಾಲ್ಕನೇ ದಿನ ಬೆಳಿಗ್ಗೆ ಮಳೆ ಕಡಿಮೆಯಾಗಿ ಬಿಸಿಲಿಣುಕಿದಾಗ, ಎರಡು ಸಿಲ್ವರ್ ಮರಗಳು ನಿಂತ ನಿಲುವಿನಲ್ಲೇ, ಬಾಗದೆ, ಮೆರವಣಿಗೆ ಹೊರಟವರ ಹಾಗೆ ಕೆಳಗೆ ಬಂದವು. ದರೆಯ ಬುಡವನ್ನು ಜೆಸಿಬಿ ತಂದು ಕೆರೆಸಿದ್ದು ದೊಡ್ಡಪ್ಪನೇ, ಕಣ ದೊಡ್ಡದು ಮಾಡಲು. ಅವತ್ತು ಅವರು ಯಾರನ್ನೂ ಬೈಯಲಿಲ್ಲ. ನಾನೂ ಏನೂ ಅನ್ನಲಿಲ್ಲ. ಜನವರಿಯ ಪಾಠ ನೆನಪಿತ್ತು.

ಷರಾ

ದೊಡ್ಡಪ್ಪನ ಹತ್ತಿರ ಒಂದು ಮಳೆ ಪುಸ್ತಕವಿದೆ. ಕಾಫಿ ತೋಟದವರ ಮನೆಗಳಲ್ಲಿ ಇದು ಹೊಸದೇನಲ್ಲ; ಅಂಗಳದಲ್ಲಿ ರೈನ್‌ಗೇಜ್, ಬೆಳಿಗ್ಗೆ ಕಾಫಿ ಕುಡಿದು ಅದನ್ನು ನೋಡುವುದು, ಇಂಚು ಸೆಂಟಿನಲ್ಲಿ (ನೂರು ಸೆಂಟಿಗೆ ಒಂದು ಇಂಚು) ಬರೆಯುವುದು, ಆಮೇಲೆ ಫೋನು ಮಾಡಿ "ನಿಮ್ಮಲ್ಲೆಷ್ಟು?" ಅಂತ ಕೇಳುವುದು. ಅವರು ಮದುವೆಯಾದ ವರ್ಷದಿಂದ ಬರೆದಿದ್ದಾರೆ. ಉದ್ದನೆಯ ಲೆಡ್ಜರು, ರೂಲು ಹೊಡೆದ ಗೆರೆ, ತಾರೀಕು, ನಕ್ಷತ್ರ, ಇಂಚು, ಕೊನೆಗೆ ಷರಾ.

ಒಂದು ದಸರಾ ರಜೆಯಲ್ಲಿ ಅದನ್ನೆಲ್ಲ ಕಂಪ್ಯೂಟರಿಗೆ ಹಾಕಲು ಕೂತೆ. ಒಳಗಿನ ಆಸೆ ಏನೆಂದು ಬೇರೆ ಹೇಳಬೇಕೆ? ಅವರದೇ ಕೈಬರಹದಲ್ಲಿ ಅವರನ್ನು ಸೋಲಿಸುವುದು. ಕೂಡಿ ನೋಡಿದರೆ ವರ್ಷದ ಒಟ್ಟು ಮಳೆ ಒಮ್ಮೆ ಮೇಲೆ ಒಮ್ಮೆ ಕೆಳಗೆ, ಮಂಗನ ಹಾಗೆ. ಯಾವ ಗೆರೆಯೂ ಮೂಡಲಿಲ್ಲ. ಒಂದು ಅಂಗಳದ ಒಂದು ಡಬ್ಬಿ ಜಗತ್ತಿನ ಸಾಕ್ಷಿ ಹೇಳಬೇಕು ಅನ್ನುವುದೇ ತಪ್ಪು. ಭೂವಿಜ್ಞಾನ ಮಂತ್ರಾಲಯ 2020ರಲ್ಲಿ ತಂದ ವರದಿ ಇಡೀ ದೇಶದ ಲೆಕ್ಕ ತೆಗೆದು 1901ರಿಂದ 2018ರವರೆಗೆ ಸರಾಸರಿ ಕಾವು 0.7 ಡಿಗ್ರಿ ಏರಿದೆ, 1951ರಿಂದ 2015ರವರೆಗೆ ಮುಂಗಾರು ಸುಮಾರು ಶೇ. 6ರಷ್ಟು ಕುಗ್ಗಿದೆ, ಕುಗ್ಗಿದ್ದು ಗಂಗಾ ಬಯಲಲ್ಲೂ ನಮ್ಮ ಪಶ್ಚಿಮಘಟ್ಟದಲ್ಲೂ ಎದ್ದು ಕಾಣುತ್ತದೆ ಅನ್ನುತ್ತದೆ. ಮಧ್ಯಭಾರತದಲ್ಲಿ ಒಂದೇ ದಿನಕ್ಕೆ 150 ಮಿಲಿಮೀಟರ್ ಮೀರಿ ಸುರಿಯುವ ಮಳೆಗಳು ಮಾತ್ರ ಮುಕ್ಕಾಲು ಪಾಲು ಹೆಚ್ಚಿವೆಯಂತೆ. ಅಂಥದ್ದನ್ನು ಕಾಣಲು ಸಾವಿರಾರು ಡಬ್ಬಿ ಬೇಕು. ಇಂಚಿನ ಕಾಲಂ ಬಿಟ್ಟು ಸುಮ್ಮನೆ ಪುಟ ತಿರುವುತ್ತಿದ್ದಾಗ ಕಣ್ಣಿಗೆ ಬಿದ್ದದ್ದು ಷರಾ.

ಹಳೆಯ ಪುಟಗಳಲ್ಲಿ ಡಿಸೆಂಬರ್ ಜನವರಿಯಲ್ಲಿ ಎಂದೋ ಒಮ್ಮೆ ಮಳೆ ಬಂದಿದ್ದರೆ ಅದರ ಮುಂದೆ ಕೆಂಪು ಶಾಯಿಯಲ್ಲಿ "ಅಕಾಲ" ಅಂತಿತ್ತು. ಕೆಳಗೊಂದು ಗೆರೆ. ಒಂದು ಕಡೆ "ಅಕಾಲ, ಕಣ ಹಾಳು". ಇನ್ನೊಂದು ಕಡೆ "ಅಕಾಲ. ದೇವರೇ ಗತಿ". ಆರಿದ್ರೆ ಕೈಕೊಟ್ಟ ವರ್ಷ, "ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರೆ" ಅನ್ನುವ ಗಾದೆಯನ್ನೇ ಪೂರ್ತಿ ಬರೆದು ಮುಂದೆ ಪ್ರಶ್ನಾರ್ಥಕ ಚಿಹ್ನೆ. ಪುಟ ಮುಂದುವರಿದ ಹಾಗೆ ಕೆಂಪು ಶಾಯಿ ನೀಲಿಯಾಯಿತು. ಆಮೇಲೆ ಗೆರೆ ಹೋಯಿತು. ಆಮೇಲೆ "ಅ." ಅಂತಷ್ಟೇ. ಇತ್ತೀಚಿನ ವರ್ಷಗಳಲ್ಲಿ ನವೆಂಬರ್ ಮಳೆಗೂ ಜನವರಿ ಮಳೆಗೂ ಮುಂದೆ ಏನೂ ಇಲ್ಲ. 2021ರ ಆ ಜನವರಿಯ ದಿನವನ್ನು ಹುಡುಕಿದೆ. ಇಂಚಿನ ಕಾಲಮ್ಮಿನಲ್ಲಿ ಅಂಕಿ ಇತ್ತು, ಷರಾ ಖಾಲಿ.

ಪುಸ್ತಕ ಮುಚ್ಚಿಟ್ಟೆ. ಅವರಿಗೆ ತೋರಿಸಲಿಲ್ಲ. ಕೈ ಒಪ್ಪಿಕೊಂಡದ್ದನ್ನು ಬಾಯಲ್ಲೂ ಒಪ್ಪಿಸುವ ಚಟ ನನಗೆ ಎಲ್ಲಿಂದ ಬಂತೋ ಅಂತ ನಾಚಿಕೆಯಾಯಿತು.

ಒಪ್ಪಿಕೊಂಡದ್ದು ಷರಾದಲ್ಲಿ ಮಾತ್ರವಲ್ಲ. ಕಣ್ಣು ಬಿಟ್ಟು ನೋಡಿದರೆ ತೋಟವೆಲ್ಲ ಅದೇ. ಅರೇಬಿಕಾ ಸತ್ತಲ್ಲೆಲ್ಲ ಅವರು ರೊಬಸ್ಟಾ ನೆಡಿಸಿದ್ದಾರೆ. ಹೂಮಳೆಗೆ ಆಕಾಶ ನೋಡುವುದು ಬಿಟ್ಟು ಕೆರೆ ಹೂಳೆತ್ತಿಸಿ ಸ್ಪ್ರಿಂಕ್ಲರ್ ಇಟ್ಟುಕೊಂಡಿದ್ದಾರೆ. ಕಡಿಯುತ್ತೇನೆ ಅನ್ನುತ್ತಿದ್ದ ಅತ್ತಿಮರಗಳನ್ನು ನೆರಳಿಗೆ ಬೇಕು ಅಂತ ಉಳಿಸಿದ್ದಾರೆ. 2024ರಲ್ಲಿ ಕಾಫಿ ರೇಟು ಹಿಂದೆಂದೂ ಕಾಣದಷ್ಟು ಏರಿತಲ್ಲ, ಆ ದುಡ್ಡಿನಲ್ಲಿ ಪಾರದರ್ಶಕ ಶೀಟಿನ ಸೂರು ಹಾಕಿಸಿ ಕಣದ ಅರ್ಧ ಮುಚ್ಚಿಸಿದರು. ಆ ರೇಟು ಏರಿದ್ದಕ್ಕೆ ವಿಯೆಟ್ನಾಂ, ಬ್ರೆಜಿಲ್ಲಿನ ಬರ ದೊಡ್ಡ ಕಾರಣ. ಅಲ್ಲಿಯ ಯಾರದೋ ಒಣಗಿದ ತೋಟ ನಮ್ಮ ಕಣಕ್ಕೆ ಸೂರಾಯಿತು ಅಂತ ಹೇಳಿದಾಗ ಅವರು, "ಅವ್ರಿಗೆ ಮಳೆ ಚೆನ್ನಾಗಾದ್ರೆ ನಮ್ ರೇಟ್ ಬೀಳ್ತದೆ, ಅದನ್ನೂ ನಿನ್ ಕಂಪ್ಯೂಟರಲ್ಲಿ ಹಾಕು" ಅಂದರು.

ಮಾಡಬೇಕೋ ಬೇಡವೋ ಅನ್ನುವ ಜಗಳ ಇವರ ಮಟ್ಟಿಗೆ ಮುಗಿದೇ ಎಷ್ಟೋ ಕಾಲವಾಗಿದೆ. ತನ್ನ ಕಣಕ್ಕೆ ಸೂರು ಹಾಕಿಕೊಳ್ಳಲು ಯಾರೂ ಪುರಾವೆ ಕೇಳುವುದಿಲ್ಲ. ಕೇಳುವುದು ಊರಿನ ಸೂರಿಗೆ ಕೈ ಹಾಕಬೇಕಾದಾಗ. ನಾನೂ ಹಾಗೇ ಅಲ್ಲವೇ? ಬೆಂಗಳೂರಿನ ಬೇಸಿಗೆ ತಡೆಯಲಾರದೆ ಎರಡು ವರ್ಷದ ಹಿಂದೆ ಮಲಗುವ ಕೋಣೆಗೆ ಏಸಿ ಹಾಕಿಸಿದೆ, ಯಾವ ವರದಿಯನ್ನೂ ಓದದೆ. ಅಮೆರಿಕಕ್ಕೆ ಮತ್ತೆ ಹೋಗಬೇಕೋ ಬೇಡವೋ ಅನ್ನುವುದಕ್ಕೆ ಮಾತ್ರ ಇನ್ನೂ ಲೆಕ್ಕ ಹಾಕುತ್ತಿದ್ದೇನೆ. ತಮ್ಮನಿಗೆ ಮಗುವಾಗಿದೆ. ಬಹುಶಃ ಹೋಗುತ್ತೇನೆ.

ಹೋದ ಜನವರಿಯಲ್ಲಿ ಊರಿಗೆ ಹೋದಾಗ ದೊಡ್ಡಪ್ಪನ ಕೈ ನಡುಗಲು ಶುರುವಾಗಿತ್ತು. ಗಾಜಿನ ಅಳತೆಯ ಕೊಳವೆ ಹಿಡಿಯಲಾಗುವುದಿಲ್ಲ, ನೀರು ಚೆಲ್ಲುತ್ತದೆ. ರಾತ್ರಿ ಹನಿ ಬಿದ್ದಿತ್ತು. ಸೂರಿನ ಶೀಟಿನ ಮೇಲೆ ಸದ್ದು ಕೇಳಿ ನನಗೆ ಎಚ್ಚರವಾಗಿತ್ತು, ಯಾರೂ ಓಡಿರಲಿಲ್ಲ. ಬೆಳಿಗ್ಗೆ ಅವರು ಜಗಲಿಯ ಮೇಲೆ ಕೂತು, "ನೀನೇ ನೋಡ್ಕೊಂಡ್ ಬಾರವ್ವ" ಅಂದರು. ಅಂಗಳದಲ್ಲಿ ಮಂಡಿಯೂರಿ, ಕೊಳವೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದೆ. ನಲವತ್ತು ಸೆಂಟ್. ಒಳಗೆ ಬಂದು ಪುಸ್ತಕ ಬಿಚ್ಚಿ ತಾರೀಕು ಹಾಕಿದೆ, ನಕ್ಷತ್ರ ಅವರನ್ನೇ ಕೇಳಿ ಬರೆದೆ, ಸೆಂಟು ಬರೆದೆ. ಪೆನ್ನು ಷರಾ ಕಾಲಮ್ಮಿನ ಮೇಲೆ ನಿಂತಿತು.

"ಅಕಾಲ ಅಂತ ಬರೀಲಾ ದೊಡ್ಡಪ್ಪ?"

ಅವರು ನನ್ನ ಮುಖವನ್ನೇ ನೋಡಿದರು. ಪುಸ್ತಕವನ್ನು ನಾನು ಓದಿದ್ದೇನೆ ಅಂತ ಅವರಿಗೆ ಆಗ ತಿಳಿದಿರಬೇಕು.

"ಸೆಂಟ್ ಬರಿ, ಸಾಕು" ಅಂದರು. "ಕೆಂಪು ಪೆನ್ನು ಎಲ್ಲಿಟ್ಟಿದೀನೋ ನೆನಪಿಲ್ಲ."